ಹೊಗೆಗೆ ತಕ್ಕ ಸೌದೆ

ಅಮೆರಿಕದ ಟೆಕ್ಸಾಸ್ ರಾಜ್ಯದ ನಡುಭಾಗದಲ್ಲಿ, ಆಸ್ಟಿನ್ ನಗರದ ದಕ್ಷಿಣಕ್ಕೆ, ಲಾಕ್‌ಹಾರ್ಟ್ ಎಂಬ ಸಣ್ಣ ಊರೊಂದಿದೆ. 1900ರಲ್ಲಿ ಆರಂಭವಾದ ಕ್ರೈಟ್ಸ್ ಮಾರ್ಕೆಟ್, 1932ರಲ್ಲಿ ಬಾಗಿಲು ತೆರೆದ ಬ್ಲ್ಯಾಕ್ಸ್ ಮೊದಲಾದ ಬಾರ್ಬೆಕ್ಯೂ ಅಂಗಡಿಗಳಿಂದ ಖ್ಯಾತವಾದ ಈ ಊರಿನಲ್ಲಿ, ಅಂಗಡಿಯ ಹಿಂಬದಿಗೆ ಹೋಗಿ ಅಲ್ಲಿ ಒಟ್ಟಿರುವ ಓಕ್ ಸೌದೆಯ ರಾಶಿಗಳನ್ನು ನೋಡಿದವನಿಗೆ ಇವರು ಮಾಂಸದ ವ್ಯಾಪಾರಿಗಳೋ ಕಟ್ಟಿಗೆಯ ವ್ಯಾಪಾರಿಗಳೋ ಎಂಬ ಸಂದೇಹ ಬಂದರೆ ಆಶ್ಚರ್ಯವಿಲ್ಲ. ಅವರು ಬೇಯಿಸುವುದು ಮುಖ್ಯವಾಗಿ ದನದ ಎದೆಭಾಗದ ಮಾಂಸವನ್ನು. ಅದನ್ನು ತಿನ್ನುವುದೂ ಬಿಡುವುದೂ ಓದುಗರ ಇಚ್ಛೆಗೆ ಸೇರಿದ್ದು. ನಮಗೆ ಇಲ್ಲಿ ಪ್ರಸ್ತುತವಾದುದು ಸೌದೆ.

ಜರ್ಮನ್ ಮತ್ತು ಚೆಕ್ ವಲಸೆಗಾರರ ಮಾಂಸದಂಗಡಿಗಳಲ್ಲಿ ಇಟ್ಟಿಗೆಯ ಒಲೆಗಳಾಗಿದ್ದ ಬಾರ್ಬೆಕ್ಯೂ ಪಾಕಸಾಧನ, ಇಂದು ಮನೆಯ ಹಿತ್ತಲುಗಳಲ್ಲಿ ಉಕ್ಕಿನ ರೂಪ ತಾಳಿ ‘ಆಫ್‌ಸೆಟ್ ಸ್ಮೋಕರ್’ ಎನಿಸಿಕೊಂಡಿದೆ. ಅಡ್ಡಲಾಗಿ ಮಲಗಿಸಿದ ದಪ್ಪ ಉಕ್ಕಿನ ಪೀಪಾಯಿ, ಅನೇಕ ವೇಳೆ ಹಳೆಯ ಪ್ರೊಪೇನ್ ಟ್ಯಾಂಕು. ಅದರ ಒಂದು ತುದಿಗೆ ಬೆಸೆದ ಬೆಂಕಿಗೂಡು. ಮತ್ತೊಂದು ತುದಿಯಲ್ಲಿ ಚಿಮಣಿ. ಬೆಂಕಿ ಒಂದು ಮಗ್ಗುಲಲ್ಲಿ ಉರಿದು, ಅದರ ಶಾಖವೂ ಹೊಗೆಯೂ ಮಾಂಸದ ಮೇಲೆ ಹಾದು ಚಿಮಣಿಯಿಂದ ಹೊರಹೋಗಬೇಕು. 107ರಿಂದ 135 ಡಿಗ್ರಿ ಸೆಲ್ಸಿಯಸ್‌ನ ಮಂದ ಶಾಖದಲ್ಲಿ ಹತ್ತು ಹನ್ನೆರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು, ಈ ಕ್ರಿಯೆ ನಡೆಯುತ್ತದೆ. ಇದ್ದಿಲಿನ ಒಲೆಯಲ್ಲಿ ಶಾಖಕ್ಕೆ ಇದ್ದಿಲು, ಪರಿಮಳಕ್ಕೆ ಮೇಲೊಂದಿಷ್ಟು ಮರದ ಚಕ್ಕೆ ಎಂಬ ವಿಭಾಗವುಂಟು. ಇಲ್ಲಿ ಆ ವಿಭಾಗವಿಲ್ಲ. ಉರುವಲೂ ಸಂಬಾರವೂ ಸೌದೆಯೊಂದೇ ಆದುದರಿಂದ, ಅದರಲ್ಲಿರುವ ದೋಷಕ್ಕೆ ಬೇರಾವ ಪರಿಹಾರವೂ ಇರುವುದಿಲ್ಲ.

ಯಾವ ಮರ ಶ್ರೇಷ್ಠ ಎಂಬ ವಿವಾದಕ್ಕೆ ಕೊನೆಯಿಲ್ಲ. ನಡು ಟೆಕ್ಸಾಸಿನವರು, ಹಿಂದೆ ಬೇಲಿಯ ಕಂಬಗಳಿಗೆ ಉಪಯೋಗವಾಗುತ್ತಿದ್ದ ಪೋಸ್ಟ್ ಓಕ್ ಮರವನ್ನೇ ಪ್ರಮಾಣವೆಂದು ಭಾವಿಸುತ್ತಾರೆ. ಪೂರ್ವದ ರಾಜ್ಯಗಳವರು ಹಿಕರಿಯ ಪಕ್ಷಪಾತಿಗಳು. ಪಶ್ಚಿಮ ಟೆಕ್ಸಾಸಿನ ಒಣನೆಲದವರಿಗೆ ಮೆಸ್ಕೀಟ್. ಈ ಮೆಸ್ಕೀಟ್ ನಮಗೆ ತೀರ ಅಪರಿಚಿತವಲ್ಲ: ನಮ್ಮ ಬಯಲುಸೀಮೆಯ ಕೆರೆಯಂಗಳಗಳನ್ನು ಆವರಿಸಿಕೊಂಡಿರುವ ಬಳ್ಳಾರಿ ಜಾಲಿ ಅದರ ದಾಯಾದಿಯೇ, ಒಂದೇ ಪ್ರೊಸೋಪಿಸ್ ಕುಲದ್ದು. ಮೆಸ್ಕೀಟಿನ ಹೊಗೆ ತೀಕ್ಷ್ಣ; ದೀರ್ಘಕಾಲದ ಪಾಕದಲ್ಲಿ ಕಹಿಗೆ ತಿರುಗುವ ಭಯವಿರುವುದರಿಂದ, ಲ್ಯಾನೋ ಊರಿನ ಕೂಪರ್ಸ್ ಅಂಗಡಿಯಲ್ಲಿ ಅದನ್ನು ಮೊದಲು ಬೇರೆಡೆ ಉರಿಸಿ, ಕೆಂಡವಾದ ಮೇಲೆ ಮಾತ್ರ ಮಾಂಸದ ಕೆಳಗೆ ಹರಡುವ ಪದ್ಧತಿಯಿದೆ. ಸೇಬು, ಚೆರ್ರಿ, ಪೀಕನ್ ಮೊದಲಾದವುಗಳ ಹೊಗೆ ಸೌಮ್ಯ. ರಾಳ ತುಂಬಿದ ಪೈನ್ ಜಾತಿಯ ಮರಗಳೂ, ಬಣ್ಣ ಬಳಿದ ಅಥವಾ ಔಷಧಿ ಹಾಯಿಸಿದ ಹಳೆಯ ಹಲಗೆಗಳೂ ಸರ್ವಥಾ ವರ್ಜ್ಯ. ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡಬಹುದು: ಒಬ್ಬೊಬ್ಬರೂ ತಮ್ಮ ಮರವನ್ನು ಹೊಗಳುವುದಕ್ಕೆ ರುಚಿ ಎಷ್ಟು ಕಾರಣವೋ, ಆ ಮರ ಅವರ ಹಿತ್ತಲಿನಾಚೆಯೇ ಬೆಳೆಯುತ್ತಿತ್ತೆಂಬುದೂ ಅಷ್ಟೇ ಕಾರಣ.

ಜಾತಿಗಿಂತ ಮಿಗಿಲಾದುದು ಮರದ ಒಣಗು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ಬರಿಯ ನೀರು. ಬೆಂಕಿಯ ಶಕ್ತಿಯೆಲ್ಲ ಆ ನೀರನ್ನು ಆವಿಯಾಗಿಸುವುದರಲ್ಲೇ ವ್ಯಯವಾಗಿ, ಕಟ್ಟಿಗೆ ಉರಿಯದೆ ಹೊಗೆಯಾಡುತ್ತದೆ. ಹಸಿಸೌದೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕಣ್ಣು ಕೆಂಪಗೆ ಮಾಡಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ದಟ್ಟ ಬಿಳಿಯ ಹೊಗೆಯೊಡನೆ ಬರುವ ಕ್ರಿಯೋಸೋಟ್ ಮಾಂಸಕ್ಕೆ ಅಂಟಿ, ನಾಲಗೆಯನ್ನು ಮರಗಟ್ಟಿಸುವಂಥ ಕಹಿಯನ್ನು ಉಳಿಸುತ್ತದೆ. ಚೆನ್ನಾಗಿ ಒಣಗಿದ ಸೌದೆ ಗಾಳಿಯಾಡುವ ಗೂಡಿನಲ್ಲಿ ಜ್ವಾಲೆಯೊಡನೆ ಉರಿದಾಗ ಮರದ ಲಿಗ್ನಿನ್ ಒಡೆದು ಗ್ವಾಯಕಾಲ್, ಸಿರಿಂಗಾಲ್ ಎಂಬ ಸುಗಂಧದ್ರವ್ಯಗಳು ಹುಟ್ಟುತ್ತವೆ. ಚಿಮಣಿಯ ಬಾಯಲ್ಲಿ ಆಗ ಕಾಣುವುದು ಕಂಡೂ ಕಾಣದಂಥ ತೆಳುನೀಲಿಯ ಎಳೆ ಮಾತ್ರ. ಹೊಗೆ ಹೆಚ್ಚಾದಷ್ಟೂ ರುಚಿ ಹೆಚ್ಚೆಂಬುದು ಹೊಸಬರ ಭ್ರಮೆ. ಹಾಗೆಂದು ಅತಿ ಒಣಗೂ ಹಿತವಲ್ಲ: ಯಂತ್ರದ ಬಿಸಿಯಲ್ಲಿ ತೇವ ಪೂರ್ತಿ ಹೀರಿಸಿದ ಸೌದೆ ಭುಗಿಲೆಂದು ಉರಿದು, ಶಾಖವನ್ನು ಏರಿಸಿ, ಬೇಗ ಬೂದಿಯಾಗುತ್ತದೆ. ಶೇಕಡ 15ರಿಂದ 20ರಷ್ಟು ತೇವ ಉಳಿದಿರುವುದೇ ಹದ. ಓಕ್ ಮರದ ಸೀಳುಗಳು ಗಾಳಿಬಿಸಿಲಿನಲ್ಲಿ ಈ ಹದಕ್ಕೆ ಬರಲು ಸಾಮಾನ್ಯವಾಗಿ ಒಂದು ವರ್ಷ ಬೇಕು.

ಹದವನ್ನು ಗುರುತಿಸುವ ಬಗೆ ಕಷ್ಟವಾದುದೇನಲ್ಲ. ಎರಡು ಸೀಳುಗಳನ್ನು ಒಂದಕ್ಕೊಂದು ತಟ್ಟಿದರೆ ಒಣಗಿದವು ಠಣ್ಣೆಂದು ನಾದಗೊಡುತ್ತವೆ, ಹಸಿಯವು ದೊಪ್ಪೆನ್ನುತ್ತವೆ. ತುಂಡಿನ ತುದಿಯಲ್ಲಿ ನಡುವಿನಿಂದ ಅಂಚಿಗೆ ಹರಿದ ಬಿರುಕುಗಳಿರಬೇಕು, ತೊಗಟೆ ಸಡಿಲಗೊಂಡಿರಬೇಕು, ಬೂಷ್ಟಿನ ವಾಸನೆ ಇರಬಾರದು. ತೇವಮಾಪಕದ ಮುಳ್ಳನ್ನು ಹೊರಮೈಗೆ ಚುಚ್ಚಿ ನೋಡಿ ತೃಪ್ತರಾಗುವುದು ವ್ಯರ್ಥ. ಸೌದೆಯನ್ನು ಹೊಸದಾಗಿ ಸೀಳಿ ಒಳಮೈಗೆ ಚುಚ್ಚಿದರೆ ನಿಜ ತಿಳಿಯುತ್ತದೆ.

ಕೊಳ್ಳುವಾಗ ಅಳತೆಯ ಜಾಗರೂಕತೆ ಬೇಕು. ‘ಕಾರ್ಡ್’ ಎಂದರೆ ನಾಲ್ಕಡಿ ಎತ್ತರ, ನಾಲ್ಕಡಿ ಅಗಲ, ಎಂಟಡಿ ಉದ್ದದ, ಅಂದರೆ 128 ಘನ ಅಡಿಯ ಒಟ್ಟಿಲು. ‘ರಿಕ್’ ಎಂಬುದಕ್ಕೆ ಮಾರುವವನ ಮನಸ್ಸೇ ಅಳತೆ. ಮೂಲದ ಜಾಗರೂಕತೆ ಅದಕ್ಕಿಂತಲೂ ಅವಶ್ಯ. 2002ರಲ್ಲಿ ಮಿಷಿಗನ್ನಿನಲ್ಲಿ ಪತ್ತೆಯಾದ ಪಚ್ಚೆಬಣ್ಣದ ಕೊರಕಹುಳು ಕೋಟ್ಯಂತರ ಆ್ಯಶ್ ಮರಗಳನ್ನು ಕೊಂದಿದೆ, ಮತ್ತು ದೂರದೂರಕ್ಕೆ ಅದು ಪಯಣಿಸಿದ್ದು ಬಹುಮಟ್ಟಿಗೆ ಉರುವಲಿನ ಲಾರಿಗಳಲ್ಲಿ. ಟೆಕ್ಸಾಸಿನಲ್ಲಿ ಓಕ್ ಮರಗಳನ್ನು ಒಣಗಿಸುವ ಶಿಲೀಂಧ್ರರೋಗವೂ ಹಸಿಯಾದ ಸೋಂಕಿನ ಕಟ್ಟಿಗೆಯ ಮೂಲಕ ಹೊಸ ನೆಲೆಗೆ ಹೋಗಬಲ್ಲುದು. 50 ಮೈಲಿಯೊಳಗಿನ ಸೌದೆಯನ್ನೇ ಕೊಳ್ಳಿರೆಂದು ಅಲ್ಲಿಯ ಅರಣ್ಯತಜ್ಞರು ಬೋಧಿಸುವುದು ಈ ಕಾರಣದಿಂದ. ಆ ದೇಶದಲ್ಲಿ ನೆಲೆಸಿ, ಹಿತ್ತಲಿನಲ್ಲಿ ಇಂಥದೊಂದು ಉಕ್ಕಿನ ಒಲೆ ಇಟ್ಟುಕೊಂಡಿರುವ ಕನ್ನಡಿಗರು ಸೌದೆಯವನನ್ನು ಬೆಲೆ ಕೇಳುವ ಮುನ್ನ ಮರ ಯಾವುದು, ಎಲ್ಲಿಯದು, ಕಡಿದು ಸೀಳಿದ್ದು ಯಾವಾಗ ಎಂದು ಕೇಳಲಿ. ಮೂರಕ್ಕೂ ಉತ್ತರ ಬಾರದಿದ್ದರೆ ಬೇರೊಬ್ಬನನ್ನು ಹುಡುಕಲಿ.