ರಾಜನೂ ಕಾಲಾಳೂ ಮಾತ್ರ ಉಳಿದಾಗ

ಚದುರಂಗದ ಹಲಗೆಯ ಮೇಲೆ ಆನೆ, ಕುದುರೆ, ಒಂಟೆಗಳೆಲ್ಲ ಮಡಿದು, ಇಬ್ಬರು ರಾಜರೂ ಒಂದೆರಡು ಕಾಲಾಳುಗಳೂ ಉಳಿದರೆ, ನೋಡುತ್ತ ಕುಳಿತವರು ಎದ್ದುಹೋಗುವುದುಂಟು. ಇನ್ನೇನಿದೆ, ಆಟ ಮುಗಿದಂತೆಯೇ ಎಂಬ ಭಾವನೆ. ಆದರೆ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಜಗಜ್ಜೇತನ ಪದವಿ ತೀರ್ಮಾನವಾದುದು ಅಂಥ ಬರಿದಾದ ಹಲಗೆಯ ಮೇಲೆಯೇ.

ಚೆನ್ನೈಯ 18ರ ತರುಣ ಗುಕೇಶ್ ಮತ್ತು ಚೀನದ ಡಿಂಗ್ ಲಿರೆನ್ 13 ಆಟಗಳ ಬಳಿಕ ತಲಾ ಆರೂವರೆ ಅಂಕಗಳಲ್ಲಿ ನಿಂತಿದ್ದರು. ಕೊನೆಯ ಆಟದಲ್ಲಿ ಗುಕೇಶರಿಗೆ ಒಂದು ಕಾಲಾಳು ಹೆಚ್ಚು. ಆದರೂ ಆನೆ, ಒಂಟೆಗಳಿರುವ ತನಕ ಅದು ಸಮದತ್ತಲೇ ಸಾಗಿತ್ತು. 55ನೆಯ ನಡೆಯಲ್ಲಿ ಡಿಂಗ್ ಆನೆಗೆ ಆನೆ ಕೊಡಲು ಮುಂದಾದರು. ಗುಕೇಶ್ ಅದನ್ನು ಸ್ವೀಕರಿಸಿ, ಒಡನೆಯೇ ಒಂಟೆಗೆ ಒಂಟೆಯನ್ನೂ ಒಡ್ಡಿದರು. ಮೂಲೆಯಲ್ಲಿದ್ದ ಬಿಳಿಯ ಒಂಟೆಗೆ ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. ಉಳಿದುದು ಎರಡು ಕಾಲಾಳುಗಳಿಗೆದುರು ಒಂದು ಕಾಲಾಳು. ರಾಜರಿಬ್ಬರೂ ಒಂದೇ ಕಂಬಸಾಲಿನಲ್ಲಿ, ನಡುವೆ ಒಂದೇ ಮನೆ ಬಿಟ್ಟು, ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ನಡೆಯಬೇಕಾದ ಸರದಿ ಡಿಂಗ್ ಅವರದು. 58 ನಡೆಗಳಿಗೆ ಅವರು ಸೋಲೊಪ್ಪಿದರು.

ಈ ನಿಲುವಿನ ಮರ್ಮವನ್ನು ನಮ್ಮ ಕೊಂಬೈಯ ಮಕ್ಕಳಿಗೆ ತಿಳಿಸುವುದು ಕಷ್ಟವಲ್ಲ. ಗದ್ದೆಯ ಕಿರಿದಾದ ಬದುವಿನ ಮೇಲೆ ಇಬ್ಬರು ಎದುರಾದರೆ ಯಾರೋ ಒಬ್ಬರು ಪಕ್ಕಕ್ಕೆ ಇಳಿಯಲೇಬೇಕು. ಚದುರಂಗದಲ್ಲಿ ಇಳಿಯುವವನು ನಡೆಯ ಸರದಿ ಯಾರದೋ ಅವನು. ಸುಮ್ಮನಿರುವ ಹಕ್ಕು ಆ ಆಟದಲ್ಲಿ ಯಾರಿಗೂ ಇಲ್ಲ. ನಾವು ಇದನ್ನು ಎದುರುನಿಲುವು ಎಂದು ಕರೆಯುತ್ತೇವೆ. ಇನ್ನೊಂದು ಅನುಕೂಲವೂ ಉಂಟು. ಮನೆಯ ಕನ್ನಡದಲ್ಲಿ ಮಂತ್ರಿಯೆಂದರೆ ರಾಣಿಯ ಕಾಯಿ. ತಮಿಳಿನಲ್ಲಿ ಹಲವರು ಒಂಟೆಯ ಕಾಯಿಯನ್ನೇ ಮಂತ್ರಿಯೆನ್ನುತ್ತಾರೆ. ಮಕ್ಕಳು ತಬ್ಬಿಬ್ಬಾಗುತ್ತಾರೆ. ರಾಜ, ಕಾಲಾಳುಗಳಷ್ಟೇ ಉಳಿದಾಗ ಆ ತಂಟೆಯಿಲ್ಲ.

ಹಲಗೆಯನ್ನು ಹಾಸಿಕೊಂಡು ಓದಿರಿ. ಬಿಳಿಯವನ ಎಡದಿಂದ ಬಲಕ್ಕೆ ಕಂಬಸಾಲುಗಳು ಎ, ಬಿ, ಸಿ ಎಂದು ಎಚ್ ವರೆಗೆ. ಅಡ್ಡಸಾಲುಗಳು ಅವನ ಕಡೆಯಿಂದ 1ರಿಂದ 8. ಬಿಳಿಯ ರಾಜನನ್ನು ಇ4ರಲ್ಲಿ, ಅವನ ಕಾಲಾಳನ್ನು ಇ3ರಲ್ಲಿ, ಕರಿಯ ರಾಜನನ್ನು ಇ6ರಲ್ಲಿ ಇಡಿರಿ. ಕರಿಯ ನಡೆಯಾದರೆ ಬಿಳಿಗೆ ಗೆಲುವು: ಕರಿಯ ರಾಜ ಡಿ6ಕ್ಕೆ ಸರಿದರೆ ಬಿಳಿಯ ರಾಜ ಎಫ್5ಕ್ಕೆ ನುಗ್ಗುತ್ತಾನೆ, ಅತ್ತ ಎಫ್6ಕ್ಕೆ ಸರಿದರೆ ಇವನು ಡಿ5ಕ್ಕೆ. ಬಿಳಿಯ ನಡೆಯಾದರೆ ಆಟ ಸಮ. ಈಗ ಕಾಲಾಳನ್ನು ಒಂದು ಮನೆ ಹಿಂದಕ್ಕೆ, ಇ2ರಲ್ಲಿ ಇಟ್ಟು ನೋಡಿರಿ. ಬಿಳಿಯ ನಡೆಯಾದರೂ ಚಿಂತೆಯಿಲ್ಲ. ಕಾಲಾಳನ್ನು ಇ3ಕ್ಕೆ ನಡೆಸಿದರೆ ಸರದಿ ಕರಿಯವನ ತಲೆಗೆ ಬಿತ್ತು. ಹಿಂದೆ ಉಳಿದ ಕಾಲಾಳು ಕೈಗಂಟಿನಂತೆ. ನಮ್ಮ ಮಕ್ಕಳು ಅದನ್ನು ಮೊದಲೇ ಖರ್ಚುಮಾಡಿಬಿಡುತ್ತಾರೆ. ಕಾಲಾಳು ರಾಣಿಯಾಗುವುದೆಂದು ಕೇಳಿದ್ದೇ ತಡ, ಅದನ್ನು ಮುಂದೋಡಿಸಿ ರಾಜನನ್ನು ಹಿಂದೆ ಬಿಡುತ್ತಾರೆ. ಈ ಘಟ್ಟದಲ್ಲಿ ರಾಜನೇ ಮುಂದೆ ನಡೆದು ಕಾಲಾಳಿಗೆ ದಾರಿ ಬಿಡಿಸಬೇಕು.

ಅವಸರದ ಫಲ ಏಳನೆಯ ಸಾಲಿನಲ್ಲಿ ಕಾಣುತ್ತದೆ. ಬಿಳಿಯ ರಾಜ ಡಿ6, ಕಾಲಾಳು ಇ6, ಕರಿಯ ರಾಜ ಡಿ8. ಕಾಲಾಳು ಇ7ಕ್ಕೆ ಹೋಗಿ ಶಹ ಕೊಡುತ್ತದೆ, ಹುಡುಗನಿಗೆ ಸಂತೋಷ. ಕರಿಯ ರಾಜ ಇ8ಕ್ಕೆ ಬಂದು ಅಡ್ಡ ನಿಲ್ಲುತ್ತಾನೆ. ಕಾಲಾಳನ್ನು ಕಾಯಲು ಬಿಳಿಯ ರಾಜ ಇ6ಕ್ಕೆ ಬರಲೇಬೇಕು. ಬಂದೊಡನೆ ಕರಿಯ ರಾಜನಿಗೆ ಶಹವೂ ಇಲ್ಲ, ಇಡಲು ಹೆಜ್ಜೆಯೂ ಇಲ್ಲ. ಆಟ ಸಮ. ಅದೇ ಕರಿಯ ರಾಜ ಮೊದಲು ಇ8ರಲ್ಲಿ ಇದ್ದು, ಕಾಲಾಳು ಶಹ ಕೊಡದೆ ಇ7ಕ್ಕೆ ಹೋಗಿದ್ದರೆ, ಅವನು ಎಫ್7ಕ್ಕೆ ಇಳಿಯಬೇಕಾಗುತ್ತಿತ್ತು. ಬಿಳಿಯ ರಾಜ ಡಿ7ಕ್ಕೆ ಬಂದು ಗೆಲ್ಲುತ್ತಿದ್ದ.

ಒಂಟಿ ಕಾಲಾಳು ಓಡುವಾಗ ಎದುರಾಳಿಯ ರಾಜ ಹಿಡಿದಾನೇ ಎಂದು ಬೆರಳೆಣಿಸಬೇಕಾಗಿಲ್ಲ. ಬಿ4ರಲ್ಲಿ ಬಿಳಿಯ ಕಾಲಾಳಿದ್ದರೆ ಬಿ4, ಬಿ8, ಎಫ್8, ಎಫ್4 ಮೂಲೆಗಳಾಗಿ ಒಂದು ಚೌಕ ಕಲ್ಪಿಸಿರಿ. ತನ್ನ ನಡೆಯಲ್ಲಿ ಕರಿಯ ರಾಜ ಅದರೊಳಗೆ ಕಾಲಿಟ್ಟರೆ ಹಿಡಿಯುತ್ತಾನೆ, ಇಲ್ಲವಾದರೆ ಇಲ್ಲ. ಅಂಚಿನ ಎ, ಎಚ್ ಸಾಲುಗಳ ಕಾಲಾಳಂತೂ ಬಡಪಾಯಿ. ಎದುರಾಳಿಯ ರಾಜ ಅದರ ಮುಂದಿನ ಮೂಲೆಯನ್ನು ಹಿಡಿದು ಕುಳಿತರೆ ಯಾವ ಜಾಣ್ಮೆಯೂ ನಡೆಯದು.

ಆದುದರಿಂದ ಒಂದು ಕಾಲಾಳು ಹೆಚ್ಚಿದೆಯೆಂದು ಕಾಯಿಗೆ ಕಾಯಿ ಕೊಟ್ಟು ಹಲಗೆಯನ್ನು ಬರಿದುಮಾಡುವ ಮುನ್ನ, ಕೊನೆಗೆ ಉಳಿಯುವ ರಾಜರು ಎಲ್ಲಿ ನಿಲ್ಲುತ್ತಾರೆ, ಸರದಿ ಯಾರದು ಎಂದು ಎಣಿಸಿಯೇ ಕೈಯಿಡಬೇಕು. ಕಡಿದ ಆನೆ ಮರಳಿ ಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳಲ್ಲೂ ಕುದುರೆಯನ್ನು ಸುತ್ತಿಸಿದ ಚಮತ್ಕಾರ ಇದರಲ್ಲಿಲ್ಲ. ಇದು ಲೆಕ್ಕದ ಕೆಲಸ.

ರಾತ್ರಿ ಊಟವಾದ ಬಳಿಕ ಮನೆಯಲ್ಲಿ ಇದನ್ನು ಆಡಿಸಿ ನೋಡಿರಿ. ಬಿಳಿಯ ರಾಜ ತನ್ನ ಸ್ವಂತ ಮನೆ ಇ1ರಲ್ಲಿ, ಕಾಲಾಳು ಇ2ರಲ್ಲಿ, ಕರಿಯ ರಾಜ ಇ8ರಲ್ಲಿ, ಬೇರೇನೂ ಇಲ್ಲ. ಮೊದಲ ನಡೆ ಬಿಳಿಯದಾದರೆ ಬಿಳಿ ಗೆಲ್ಲಬಹುದು, ಕರಿಯದಾದರೆ ಸಮ. ಬಿಳಿಯವನು ಮೊದಲೇ ಕಾಲಾಳನ್ನು ಇ4ಕ್ಕೆ ನೂಕಿದರೆ ಕೈಯಲ್ಲಿದ್ದ ಗೆಲುವು ಅಲ್ಲಿಗೇ ಹೋಯಿತು. ಅವನು ಮೊದಲು ಎತ್ತಿಡಬೇಕಾದ ಕಾಯಿ ಯಾವುದೆಂದು ಮಕ್ಕಳೇ ಹೇಳಲಿ.