ಬಿಜ್ಜರಗಿಯ ಬಯಲು, ಧ್ರುವದ ಬಿಸಿಲು

2024ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದ ಯೂನಿಯನ್ ಗ್ಲೇಸಿಯರ್ ಎಂಬಲ್ಲಿಗೆ ಒಂದು ವಿಚಿತ್ರ ಪ್ರವಾಸಿ ತಂಡ ಹೋಗಿಳಿಯಿತು. ಅಮೆರಿಕದ ಕೊಲರಾಡೊದ ಪಾದ್ರಿ ವಿಲ್ ಡಫಿ ಕಟ್ಟಿದ ಈ ತಂಡದಲ್ಲಿ ಭೂಮಿ ಗುಂಡಗಿದೆ ಎನ್ನುವವರೂ ಇದ್ದರು, ಚಪ್ಪಟೆಯೆಂದು ಸಾಧಿಸುವವರೂ ಇದ್ದರು. ಬೇಸಿಗೆಯಲ್ಲಿ ಅಲ್ಲಿ 24 ಗಂಟೆಯೂ ಸೂರ್ಯ ಮುಳುಗುವುದಿಲ್ಲ ಎಂಬ ಮಾತು ನಿಜವೋ ಸುಳ್ಳೋ ಕಣ್ಣಾರೆ ನೋಡಿ ಜಗಳ ಮುಗಿಸುವುದು ಉದ್ದೇಶ. ಸೂರ್ಯ ಮುಳುಗಲಿಲ್ಲ. ಚಪ್ಪಟೆ ಭೂಮಿಯ ಪ್ರಚಾರಕ ಜೆರನ್ ಕ್ಯಾಂಪನೆಲ್ಲಾ, ಈ ಒಂದು ವಿಷಯದಲ್ಲಿ ತನ್ನ ಎಣಿಕೆ ತಪ್ಪಾಗಿತ್ತೆಂದು ಒಪ್ಪಿಕೊಂಡರು. ಜಗಳ ಮಾತ್ರ ಮುಗಿಯಲಿಲ್ಲ. ಮನೆಯಲ್ಲೇ ಕೂತಿದ್ದ ಅವರ ಸಂಗಡಿಗರಲ್ಲಿ ಹಲವರು ವಿಡಿಯೊವೇ ನಕಲಿ ಎಂದರು.

ಈ ಜಗಳಕ್ಕೆ ವಿಜಯಪುರದ ನಂಟೂ ಇದೆ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯೇ ಗಣಿತಜ್ಞ ಭಾಸ್ಕರಾಚಾರ್ಯರ ಹುಟ್ಟೂರು ಎಂಬ ಅಭಿಮಾನ ಈ ಭಾಗದ್ದು. 1114ರಲ್ಲಿ ಹುಟ್ಟಿದ ಅವರು 36ರ ವಯಸ್ಸಿನಲ್ಲಿ, ಅಂದರೆ 1150ರಲ್ಲಿ, ‘ಸಿದ್ಧಾಂತ ಶಿರೋಮಣಿ’ ಬರೆದರು. ಅದರ ‘ಲೀಲಾವತಿ’ಯ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಧ್ರುವದ ಹಗಲಿನ ಬಗೆಗಿನ ವಾದವಿರುವುದು ಅದೇ ಗ್ರಂಥದ ‘ಗೋಲಾಧ್ಯಾಯ’ದಲ್ಲಿ.

ಹೋಗದೆ ಕಂಡ ಧ್ರುವ

ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ದುಡಿಯುವವರಿಗೆ ವರ್ಷದ ಅತಿ ಉದ್ದನೆಯ ಹಗಲೂ 13 ಗಂಟೆಯನ್ನು ಮೀರುವುದು ಕೆಲವೇ ನಿಮಿಷ. ಅತಿ ಚಿಕ್ಕ ಹಗಲು 11 ಗಂಟೆ ಚಿಲ್ಲರೆ. ಇಂಥ ಕಡೆ ಹುಟ್ಟಿ ಬೆಳೆದವರು ಧ್ರುವದ ಆರು ತಿಂಗಳ ಹಗಲಿನ ಮಾತು ಕೇಳಿ, ‘ಕಣ್ಣಿಲೆ ನೋಡದ ಹ್ಯಾಂಗ ನಂಬೂದು?’ ಎಂದರೆ ಆ ಶಂಕೆ ದಡ್ಡತನವಲ್ಲ. ಭಾಸ್ಕರಾಚಾರ್ಯರೂ ಅದನ್ನು ತಳ್ಳಿಹಾಕಲಿಲ್ಲ. ನಮ್ಮ ಶಾಸ್ತ್ರಗ್ರಂಥಗಳ ಪದ್ಧತಿಯಂತೆ ಎದುರಾಳಿಯ ಪೂರ್ವಪಕ್ಷವನ್ನು ಮುಂದಿಟ್ಟುಕೊಂಡೇ ವಾದಕ್ಕಿಳಿದರು.

ಭೂಮಿ ಕನ್ನಡಿಯಂತೆ ಸಮತಟ್ಟು, ಸೂರ್ಯ ಮೇರು ಪರ್ವತದ ಹಿಂದೆ ಸರಿದಾಗ ರಾತ್ರಿ ಎಂಬುದು ಪುರಾಣದ ಪಕ್ಷ. ಸಮತಟ್ಟಾಗಿದ್ದರೆ ಮೇಲೆ ಸುತ್ತುವ ಸೂರ್ಯ ಎಲ್ಲರಿಗೂ ಸದಾ ಏಕೆ ಕಾಣುವುದಿಲ್ಲ? ಮೇರು ಅಡ್ಡ ಬರುತ್ತದೆ ಎಂದರೆ ಆ ಮೇರುವೇ ನಮಗೇಕೆ ಕಾಣುವುದಿಲ್ಲ? ಇವು ಅವರ ಮರುಪ್ರಶ್ನೆಗಳು. ಹಾಗಾದರೆ ನೆಲ ಚಪ್ಪಟೆಯಾಗಿ ಕಾಣುವುದೇಕೆ ಎಂಬುದಕ್ಕೂ ಉತ್ತರವಿದೆ: ಪರಿಧಿಯ ನೂರನೇ ಒಂದು ಪಾಲು ಸಮವಾಗಿಯೇ ತೋರುತ್ತದೆ, ಭೂಮಿ ಬಹಳ ದೊಡ್ಡದು, ಅದರ ಮೇಲೆ ನಿಂತ ಮನುಷ್ಯ ಬಹಳ ಚಿಕ್ಕವನು.

ಅಕ್ಷಾಂಶ 66 ಡಿಗ್ರಿ ದಾಟಿದ ಕಡೆ ವರ್ಷದ ಕೆಲವು ದಿನ ಸೂರ್ಯ ಮುಳುಗುವುದೇ ಇಲ್ಲ, ಮೇರುವಿನಲ್ಲಿ, ಅಂದರೆ ಉತ್ತರ ಧ್ರುವದಲ್ಲಿ, ಅರ್ಧ ವರ್ಷವೇ ಒಂದು ಹಗಲು ಎಂದು ಅವರು ಗಣಿತದಿಂದ ತೋರಿಸಿದರು. ಸೂರ್ಯನ ದಾರಿಯ ಓರೆ 24 ಡಿಗ್ರಿ ಎಂದು ಹಿಡಿದರೆ, 90ರಲ್ಲಿ ಅದನ್ನು ಕಳೆದಾಗ ಉಳಿಯುವುದು 66. ಇಂದಿನ ಲೆಕ್ಕಕ್ಕೂ ಇದಕ್ಕೂ ವ್ಯತ್ಯಾಸ ಒಂದು ಡಿಗ್ರಿಗಿಂತ ಕಡಿಮೆ. ಮನುಷ್ಯ ಅಂಟಾರ್ಕ್ಟಿಕಾವನ್ನು ಕಂಡದ್ದು 1820ರಲ್ಲಿ, ಇದಾಗಿ 670 ವರ್ಷಗಳ ಮೇಲೆ.

ಬಾಗಿಲು ಮುಚ್ಚಿದೆಯೇ?

‘ಅಂಟಾರ್ಕ್ಟಿಕಾಕ್ಕೆ ಯಾರನ್ನೂ ಬಿಡುವುದಿಲ್ಲ, ಏನೋ ಮುಚ್ಚಿಡುತ್ತಿದ್ದಾರೆ’ ಎಂಬುದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಇನ್ನೊಂದು ನಂಬಿಕೆ. 1959ರ ಅಂಟಾರ್ಕ್ಟಿಕ್ ಒಪ್ಪಂದವನ್ನು ಇದಕ್ಕೆ ಸಾಕ್ಷಿ ಹೇಳುತ್ತಾರೆ. ಆದರೆ ಆ ಒಪ್ಪಂದ ತಡೆದದ್ದು ಸೇನೆಯ ಚಟುವಟಿಕೆ, ಅಣು ಪರೀಕ್ಷೆಗಳನ್ನು, ಪ್ರವಾಸವನ್ನಲ್ಲ. ಅನುಮತಿಯ ನಿಯಮಗಳಿವೆ, 500ಕ್ಕಿಂತ ಹೆಚ್ಚು ಪ್ರಯಾಣಿಕರ ಹಡಗಿನಿಂದ ಯಾರೂ ದಡಕ್ಕೆ ಇಳಿಯುವಂತಿಲ್ಲ, ಒಂದು ಜಾಗದಲ್ಲಿ ಒಮ್ಮೆಗೆ 100 ಪ್ರವಾಸಿಗರಿಗಷ್ಟೇ ಅವಕಾಶ. ಇಷ್ಟಿದ್ದರೂ 2023-24ರ ಒಂದೇ ಋತುವಿನಲ್ಲಿ ಅತ್ತ ಹೋದವರು 1.2 ಲಕ್ಷದ ಆಸುಪಾಸು. ಈಗಿನ ನಿಜವಾದ ಚಿಂತೆ ಜನ ಹೆಚ್ಚಾದದ್ದೇ. 2024ರ ಮೇನಲ್ಲಿ ಕೊಚ್ಚಿಯಲ್ಲಿ ಸೇರಿದ್ದ ಒಪ್ಪಂದದ ದೇಶಗಳು ಪ್ರವಾಸಕ್ಕೆ ಕಡಿವಾಣ ಹಾಕುವ ಬಗೆಯನ್ನು ಚರ್ಚಿಸಿದವು.

ನಮ್ಮವರೂ ದೂರ ಉಳಿದಿಲ್ಲ. 1981ರ ಡಿಸೆಂಬರ್ 6ರಂದು ಗೋವಾದಿಂದ ಹೊರಟ ಎಸ್.ಜಡ್. ಕಾಸಿಂ ನೇತೃತ್ವದ ಮೊದಲ ತಂಡ 1982ರ ಜನವರಿ 9ರಂದು ಅಲ್ಲಿ ಕಾಲಿಟ್ಟಿತು. 70 ಡಿಗ್ರಿ ದಾಟಿದ ‘ಮೈತ್ರಿ’ ಕೇಂದ್ರದಲ್ಲಿ ಚಳಿಗಾಲ ಕಳೆಯುವ ಭಾರತೀಯರು ಸುಮಾರು ಎರಡು ತಿಂಗಳು ಸೂರ್ಯನನ್ನೇ ಕಾಣುವುದಿಲ್ಲ. 66 ಡಿಗ್ರಿಯ ಆ ಲೆಕ್ಕವನ್ನು ಅವರು ಬದುಕಿಯೇ ನೋಡುತ್ತಾರೆ.

ಮೂರು ಕೋಲಿನ ಪರೀಕ್ಷೆ

ಧ್ರುವಕ್ಕೆ ಹೋಗಿಬರಲು ಲಕ್ಷಾಂತರ ರೂಪಾಯಿ ಬೇಕು. ಭಾಸ್ಕರಾಚಾರ್ಯರ ದಾರಿ ಅಗ್ಗ. ತೆಂಕು ಬಡಗಾಗಿರುವ ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸ, ನಡುವಿನ ದೂರ ಗೊತ್ತಾದರೆ ತ್ರೈರಾಶಿಯಿಂದ ಭೂಮಿಯ ಪರಿಧಿ ಸಿಗುತ್ತದೆ ಎಂದಿದ್ದಾರೆ ಅವರು. ವಿಜಯಪುರ ಮತ್ತು ಮೈಸೂರಿನಲ್ಲಿ ಒಂದೇ ದಿನ ನಡುಹಗಲಿಗೆ ನೆಟ್ಟ ಕೋಲಿನ ನೆರಳು ಅಳೆಯಿರಿ. ಸೂರ್ಯನ ಕೋನದಲ್ಲಿ ಸುಮಾರು ನಾಲ್ಕೂವರೆ ಡಿಗ್ರಿ ವ್ಯತ್ಯಾಸ. ತೆಂಕಣದಿಂದ ಬಡಗಣಕ್ಕೆ ದೂರ ಸುಮಾರು 500 ಕಿ.ಮೀ. ಅಂದರೆ 360 ಡಿಗ್ರಿಗೆ 40,000 ಕಿ.ಮೀ.

ನೆಲ ಚಪ್ಪಟೆ, ಸೂರ್ಯ ಹತ್ತಿರವಿದ್ದಾನೆ ಎಂದುಕೊಂಡರೂ ಇಷ್ಟೇ ವ್ಯತ್ಯಾಸ ಬರಬಹುದಲ್ಲ ಎಂದು ಶಂಕಿಸುವವರು ಕೇಳಬಹುದು. ಕೇಳಲೇಬೇಕು. ಅದಕ್ಕೇ ಮೂರನೇ ಕೋಲು ದೆಹಲಿಯಲ್ಲಿ. ಚಪ್ಪಟೆ ನೆಲದಲ್ಲಿ ದೂರ ಹೋದಂತೆ ಡಿಗ್ರಿಗೆ ಬೀಳುವ ಕಿಲೋಮೀಟರ್ ಬದಲಾಗಬೇಕು. ಅಳತೆಯಲ್ಲಿ ಅದು ಬದಲಾಗುವುದಿಲ್ಲ, ಸುಮಾರು 111ರಲ್ಲೇ ನಿಲ್ಲುತ್ತದೆ. ಯಾವ ಅಳತೆ ಬಂದರೆ ನನ್ನ ಮಾತು ಬಿಡುತ್ತೇನೆ ಎಂದು ಮೊದಲೇ ಹೇಳಿ ಕೋಲು ನೆಟ್ಟವನಿಗೆ ಇದು ಸಾಕು. ಹಾಗೆ ಹೇಳದವನನ್ನು ಧ್ರುವಕ್ಕೇ ಕರೆದೊಯ್ದರೂ ಅಷ್ಟೆ.

ಇದೇ ಕಟ್ಟಳೆ ನಮ್ಮ ಅಭಿಮಾನಕ್ಕೂ ಅನ್ವಯಿಸಬೇಕು. ತಮ್ಮ ಊರು ಸಹ್ಯಾದ್ರಿಯ ಮಡಿಲಲ್ಲಿತ್ತು ಎಂದು ಭಾಸ್ಕರಾಚಾರ್ಯರೇ ಬರೆದಿದ್ದಾರೆ. ಬಿಜ್ಜರಗಿಯದು ಘಟ್ಟದಿಂದ ಬಹುದೂರದ ಬಯಲು. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ 1207ರ ಶಾಸನವಿದೆ. ಅವರ ಗ್ರಂಥಗಳ ಅಧ್ಯಯನಕ್ಕೆ ಮೊಮ್ಮಗ ಚಾಂಗದೇವ ಅಲ್ಲಿ ಮಠ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಬಿಜ್ಜರಗಿಯ ಪರವಾಗಿ ಇರುವುದು ಮುಖ್ಯವಾಗಿ ಭಾಸ್ಕರಾಚಾರ್ಯರು ಬರೆದ ಊರಿನ ಹೆಸರಿನ ಜೊತೆಗಿನ ಹೋಲಿಕೆ. ನಾಳೆ ಇಲ್ಲೊಂದು ಶಾಸನ ಸಿಕ್ಕರೆ ತಕ್ಕಡಿ ಇತ್ತ ವಾಲೀತು. ಅಲ್ಲಿಯವರೆಗೆ ಪಾಟಣದ ಮಾತೆತ್ತಿದವರನ್ನು ಊರದ್ರೋಹಿ ಎಂದರೆ, ವಿಡಿಯೊ ನಕಲಿ ಎಂದವರಿಗೂ ನಮಗೂ ಹೆಚ್ಚಿನ ಅಂತರ ಉಳಿಯುವುದಿಲ್ಲ. ಹುಟ್ಟೂರಿನ ವಾದವನ್ನು ಶಾಸನ ತಜ್ಞರು ತೀರ್ಮಾನಿಸಲಿ. ಬಿಜ್ಜರಗಿಯ ಮಕ್ಕಳು ಶಾಲೆಯ ಅಂಗಳದಲ್ಲಿ ಕೋಲು ನೆಟ್ಟು ಮೈಸೂರಿಗೂ ದೆಹಲಿಗೂ ಫೋನು ಮಾಡಲು ಆ ತೀರ್ಪಿಗೆ ಕಾಯಬೇಕಿಲ್ಲ.