ಒಂದೇ ಟೇಬಲ್ಲು, ಎರಡು ಹೆಸರು

ತಮ್ಮ ಮ್ಯಾನೇಜರ್‌ಗಿಂತ ಹೆಚ್ಚು ಸಂಬಳ ಎಣಿಸುವ ನೌಕರರು ಯಾರು ಯಾರು? ಕಚೇರಿಯ ಕ್ಯಾಂಟೀನಿನಲ್ಲಿ ಪಿಸುದನಿಯಲ್ಲಿ ಕೇಳಬೇಕಾದ ಈ ಪ್ರಶ್ನೆಯೇ ಕಂಪ್ಯೂಟರ್ ಚರಿತ್ರೆಯ ಒಂದು ದೊಡ್ಡ ತಿರುವಿನಲ್ಲಿ ಕೂತಿದೆ ಎಂದರೆ ನಂಬುತ್ತೀರಾ?

1970ರ ದಶಕದ ಮೊದಲ ವರ್ಷಗಳು. ಆಗ ಡೇಟಾಬೇಸ್ ಎಂದರೆ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕಟ್ಟಿದ ಕೊಂಡಿಗಳ ಚಕ್ರವ್ಯೂಹ. ಯಾವ ಕೊಂಡಿ ಹಿಡಿದು ಹೊರಡಬೇಕು, ಎಲ್ಲಿ ತಿರುಗಬೇಕು, ಹೊರಗೆ ಬರುವುದು ಹೇಗೆ, ಎಲ್ಲವನ್ನೂ ಪ್ರೋಗ್ರಾಮರನೇ ಬರೆದು ಕೊಡಬೇಕು. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಐಬಿಎಂ ಸೇರಿದ್ದ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲೇ ಇದನ್ನೆಲ್ಲ ಬದಿಗೆ ಸರಿಸಿದ್ದರು: ಮಾಹಿತಿ ಬರೀ ಟೇಬಲ್ಲುಗಳಲ್ಲಿರಲಿ, ಕೇಳುವವನು ಏನು ಬೇಕೆಂದಷ್ಟೇ ಹೇಳಲಿ, ದಾರಿ ಹುಡುಕುವ ಗೋಳು ಯಂತ್ರಕ್ಕಿರಲಿ! ಸಹೋದ್ಯೋಗಿ ಡಾನ್ ಚೇಂಬರ್ಲಿನ್ ಮುಂದೆ ನೆನೆದಂತೆ, ಉಳಿದವರಿಗೆ ಐದು ಪುಟದ ಪ್ರೋಗ್ರಾಂ ಬೇಕಿದ್ದ ಕಡೆ ಕಾಡ್ ಒಂದು ಸಾಲು ಗೀಚಿ ಮುಗಿಸುತ್ತಿದ್ದರು. ಒಂದೇ ಸಾಲು!

ಹೇಗೆ ಸಾಧ್ಯ? ಮೊದಲು ಕೇಳಿದ ಸಂಬಳದ ಪ್ರಶ್ನೆಯನ್ನೇ ನೋಡೋಣ. ನೌಕರರ ಟೇಬಲ್ಲಿನಲ್ಲಿ ನಾಲ್ಕೇ ಕಾಲಂ ಇವೆ ಅಂದುಕೊಳ್ಳಿ: ನಂಬರು, ಹೆಸರು, ಸಂಬಳ, ಮ್ಯಾನೇಜರ್ ನಂಬರು. ಮ್ಯಾನೇಜರೂ ಒಬ್ಬ ನೌಕರನೇ ತಾನೆ? ಅವನ ಸಂಬಳವೂ ಇದೇ ಟೇಬಲ್ಲಿನಲ್ಲಿದೆ. ಹಾಗಾದರೆ ಅದೇ ಟೇಬಲ್ಲನ್ನು ಎರಡು ಸಲ ಕರೆಯಿರಿ, ಒಮ್ಮೆ 'ಕೆಳಗಿನವರು' ಎಂದು, ಇನ್ನೊಮ್ಮೆ 'ಮೇಲಿನವರು' ಎಂದು. ಕೆಳಗಿನವರ ಮ್ಯಾನೇಜರ್ ನಂಬರು ಮೇಲಿನವರ ನಂಬರಿಗೆ ಸಮನಾಗುವಲ್ಲಿ ಜೋಡಿಸಿ. ಕೆಳಗಿನ ಸಂಬಳ ಮೇಲಿನದಕ್ಕಿಂತ ಹೆಚ್ಚಿರುವ ಸಾಲುಗಳನ್ನು ಮಾತ್ರ ಉಳಿಸಿ. ಮುಗಿಯಿತು. ಇಲ್ಲಿ ಲೂಪ್ ಇಲ್ಲ, ಕೊಂಡಿ ಇಲ್ಲ, 'ಮೊದಲು ಇದು, ಆಮೇಲೆ ಅದು' ಎಂಬುದೇ ಇಲ್ಲ! ಕಾಡ್ ಇದನ್ನು ಗಣಿತದ ಚಿಹ್ನೆಗಳಲ್ಲಿ ಬರೆದರು. ಚೇಂಬರ್ಲಿನ್ ಮತ್ತು ರೇ ಬಾಯ್ಸ್ 1974ರಲ್ಲಿ ಸೆಲೆಕ್ಟ್, ಫ್ರಮ್, ವೇರ್ ಎಂಬ ಸರಳ ಮಾತುಗಳಿಗೆ ಇಳಿಸಿದರು. ಅದೇ ಇಂದಿನ ಎಸ್‌ಕ್ಯೂಎಲ್.

ನನ್ನನ್ನು ನಿಜಕ್ಕೂ ದಂಗುಬಡಿಸುವುದು ಇದರಾಚೆಯದು. ಹತ್ತು ಟೇಬಲ್ಲುಗಳನ್ನು ಜೋಡಿಸಲು ಹೇಳಿದಿರಿ ಎನ್ನಿ. ಯಾವುದರಿಂದ ಶುರು? ಒಂದಾದ ಮೇಲೊಂದರಂತೆ ಸೇರಿಸುತ್ತ ಹೋದರೂ 36,28,800 ಕ್ರಮಗಳಿವೆ! 1979ರಲ್ಲಿ ಐಬಿಎಂನ ಪೆಟ್ರಿಷಿಯಾ ಸೆಲಿಂಜರ್ ಮತ್ತು ಸಂಗಡಿಗರು ದಾರಿ ತೋರಿದರು. ಎಷ್ಟು ಸಾಲುಗಳಿವೆ, ಹುಡುಕಾಟ ಚುರುಕಾಗಿಸುವ ಇಂಡೆಕ್ಸ್ ಎಲ್ಲಿದೆ ಎಂದು ನೋಡಿ ಖರ್ಚು ಅಂದಾಜಿಸು. ಎರಡೆರಡು ಟೇಬಲ್ಲುಗಳ ಅಗ್ಗದ ಜೋಡಣೆ ಹಿಡಿದಿಟ್ಟುಕೋ, ಅದರ ಮೇಲೆ ಮೂರನೆಯದು, ನಾಲ್ಕನೆಯದು... ನೀವು ಎಂಟರ್ ಒತ್ತಿದ ಮೇಲೆ, ಉತ್ತರ ಹುಡುಕುವ ಮೊದಲು, ಇಷ್ಟೆಲ್ಲ ನಡೆದುಹೋಗಿರುತ್ತದೆ. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸುಗಳಲ್ಲಿ ಕ್ವೆರಿಯ (ಅಂದರೆ ನಿಮ್ಮ ಪ್ರಶ್ನೆಯ) ಮುಂದೆ 'ಎಕ್ಸ್‌ಪ್ಲೇನ್' ಎಂದು ಬರೆದರೆ ಸಾಕು, ಯಂತ್ರ ತಾನು ಆರಿಸಿಕೊಂಡ ದಾರಿಯನ್ನು ಬಿಚ್ಚಿ ತೋರಿಸುತ್ತದೆ. ಸಂಬಳದ ಪ್ರಶ್ನೆಯನ್ನೇ ಜಾಯಿನ್ (ಜೋಡಣೆ) ಬಿಟ್ಟು 'ಎಕ್ಸಿಸ್ಟ್ಸ್' ಹಾಕಿ, ಕ್ವೆರಿಯೊಳಗೊಂದು ಕ್ವೆರಿಯಾಗಿ ಬರೆದು ನೋಡಿ: ಓದಿದರೆ ಪ್ರತಿ ನೌಕರನಿಗೂ ಒಳಗಿನದು ಒಂದೊಂದು ಸಲ ಓಡಬೇಕು ಅನಿಸುತ್ತದೆ. ಆದರೆ ಪೋಸ್ಟ್‌ಗ್ರೆಸ್ ಅದನ್ನು ಬಿಡಿಸಿ ಒಂದು ಬಗೆಯ ಜಾಯಿನ್ ಮಾಡಿಬಿಟ್ಟಿರುತ್ತದೆ! ಹೀಗಿರುವಾಗ ನಾವು ಕ್ವೆರಿಯನ್ನು ಸರಳಗೊಳಿಸುವುದು ಬಹುಪಾಲು ಮುಂದಿನ ಓದುಗನಿಗಾಗಿ. 'ವಿತ್' ಎಂದು ಬರೆದು ತುಣುಕುಗಳಿಗೆ ಒಳ್ಳೆಯ ಹೆಸರಿಡುವುದು ಅದಕ್ಕೇ.

ಆದರೆ ಹೇಗೆ ಬರೆದರೂ ಉತ್ತರ ಒಂದೇ ಎಂಬ ಈ ಸಮಾನತೆ ಒಂದು ಕಡೆ ಮುರಿಯುತ್ತದೆ, ಅದು ಇನ್ನೂ ರೋಚಕ! ಎಲ್ಲರಿಗಿಂತ ಮೇಲಿರುವ ದೊಡ್ಡ ಸಾಹೇಬರಿಗೆ ಮ್ಯಾನೇಜರ್ ಇಲ್ಲ. ಆ ಖಾನೆ ಖಾಲಿ, ಅಂದರೆ ನಲ್. ಈಗ 'ಯಾರ ನಂಬರು ಮ್ಯಾನೇಜರ್ ನಂಬರುಗಳ ಪಟ್ಟಿಯಲ್ಲಿಲ್ಲ?' ಎಂದು 'ನಾಟ್ ಇನ್' ಹಾಕಿ ಕೇಳಿ. ಉತ್ತರ ಸೊನ್ನೆ! ಸಾವಿರ ಗುಮಾಸ್ತರಿದ್ದರೂ ಒಬ್ಬರೂ ಬರುವುದಿಲ್ಲ. ನಲ್ ಎಂದರೆ 'ಗೊತ್ತಿಲ್ಲ'; ಗೊತ್ತಿಲ್ಲದ್ದು ನಿಮ್ಮ ನಂಬರಿಗೆ ಸಮವೋ ಅಲ್ಲವೋ ಎಂದರೆ ಅದೂ ಗೊತ್ತಿಲ್ಲ. ಎಸ್‌ಕ್ಯೂಎಲ್‌ನಲ್ಲಿ ಹೌದು, ಇಲ್ಲಗಳ ಜತೆ ಈ ಮೂರನೆಯ ಉತ್ತರವೂ ಇದೆ, ಮತ್ತು 'ವೇರ್' ಖಚಿತವಾದ ಹೌದನ್ನು ಮಾತ್ರ ಒಳಗೆ ಬಿಡುತ್ತದೆ. ಒಂದು ಖಾಲಿ ಖಾನೆ ಇಡೀ ಕಂಪನಿಯನ್ನು ಮಾಯ ಮಾಡಿತು! 'ನಾಟ್ ಎಕ್ಸಿಸ್ಟ್ಸ್'ಗೆ ಬದಲಾಯಿಸಿ. ಅದು ಅಂಥ ಸಾಲು ಇದೆಯೇ ಇಲ್ಲವೇ ಎಂದಷ್ಟೇ ನೋಡುತ್ತದೆ, ಗುಮಾಸ್ತರೆಲ್ಲ ಒಮ್ಮೆಗೇ ಪರದೆಯ ಮೇಲೆ ಹಾಜರ್.